ಐದನೆಯ ಸಾಲು

ಫೆಬ್ರವರಿ ೬

ಚಿನಕುರುಳೀ,

ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತುವುದೂ ಇಲ್ಲ. ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ನಾನು ಅತ್ತರೆ ನೀನೂ ಅಳುತ್ತೀಯ, ಕೊನೆಗೆ ಯಾಕೆ ಫೋನ್ ಮಾಡಿದೆವು ಎಂಬುದೇ ಇಬ್ಬರಿಗೂ ಮರೆತುಹೋಗುತ್ತದೆ. ಕಾಗದವಾದರೆ ಒಬ್ಬಳು ಅಳುವಾಗ ಇನ್ನೊಬ್ಬಳು ನೆಮ್ಮದಿಯಾಗಿ ಪಾತ್ರೆ ತೊಳೆದುಕೊಂಡಿರಬಹುದು. ಅಲ್ಲದೆ ದಪ್ಪ ಪೆನ್ನಿನಲ್ಲಿ ಹೀಗೆ ಕುಂಬಳಕಾಯಿ ಗಾತ್ರದ ಅಕ್ಷರ ಬರೆದರೆ ಬರೆಯುವ ನನಗೂ ಕಾಣುತ್ತದೆ, ಓದುವ ನಿನಗೂ ಕಾಣುತ್ತದೆ.

ಸುದ್ದಿ ಏನೆಂದರೆ ಆಪರೇಷನ್ನಿಗೆ ದಿನ ಗೊತ್ತಾಗಿದೆ. ಬಲಗಣ್ಣಿಗೆ. ಮುಂದಿನ ತಿಂಗಳ ಮೊದಲ ವಾರ.

ಡಾಕ್ಟರು ಚೆನ್ನಾಗಿ ಬಿಡಿಸಿ ಹೇಳಿದರು. ಕಣ್ಣಿನ ಮುಂದೆ ಗಾಜಿನಂಥದ್ದು ಇರುತ್ತದಲ್ಲ, ಕಾರ್ನಿಯಾ, ನಮ್ಮ ವಂಶದಲ್ಲಿ ಅದು ತೆಳ್ಳಗಾಗಿ ಚೂಪಾಗಿ ಮುಂದಕ್ಕೆ ಉಬ್ಬುತ್ತದೆ. ಅಮ್ಮ "ದೀಪಕ್ಕೆ ಬಾಲ ಬಂದಿದೆ ಕಣ್ರೇ" ಎನ್ನುತ್ತಿದ್ದಳು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಈಗ ನಮ್ಮ ದೀಪಗಳಿಗೂ ಬಾಲ ಬಂದಿದೆ. ಆ ಗಾಜನ್ನು ಪೂರ್ತಿ ತೆಗೆಯುವುದಿಲ್ಲವಂತೆ. ಮೇಲಿನ ಪದರಗಳನ್ನು ಮಾತ್ರ ತೆಗೆದು, ಒಳಗಿನ ತೆಳುಪೊರೆ ನನ್ನದೇ ಉಳಿಸಿ, ಅದರ ಮೇಲೆ ಸತ್ತವರೊಬ್ಬರು ಕೊಟ್ಟುಹೋದ ಕಣ್ಣಿನ ಪದರ ಕೂರಿಸಿ ಹೊಲಿಯುತ್ತಾರೆ. ಅಂಚು ಕತ್ತರಿಸುವುದು ಲೇಸರ್. ಹಳೆಯದು ಹೊಸದು ಎರಡನ್ನೂ ಒಂದೇ ಅಳತೆಗೆ ಕತ್ತರಿಸುವುದರಿಂದ ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂರುತ್ತದೆಯಂತೆ. ಒಳಪೊರೆ ನನ್ನದೇ ಆದ್ದರಿಂದ ಮೈ ಹೊಸದರ ಮೇಲೆ ಅಷ್ಟಾಗಿ ಮುನಿಸಿಕೊಳ್ಳುವುದಿಲ್ಲವಂತೆ. ಇಷ್ಟೂ ಹೇಳಿದ ಮೇಲೆ ಡಾಕ್ಟರು, "ಇದು ಓಡಿ ಮುಗಿಸೋ ಕೆಲಸ ಅಲ್ಲಮ್ಮ. ಪೂರ್ತಿ ದೃಷ್ಟಿ ಬರೋಕೆ ವರ್ಷ ಹಿಡೀಬಹುದು. ತಾಳ್ಮೆ ಇದೆಯಾ?" ಎಂದರು. ತಾಳ್ಮೆ ಇಲ್ಲದವರು ರಂಗದ ಪಕ್ಕ, ಸೈಡ್ ವಿಂಗಿನ ಮರೆಯಲ್ಲಿ ಇಪ್ಪತ್ತು ವರ್ಷ ಕೂತಿರುತ್ತಾರೆಯೇ?

ನಾಟಕದ ಕಂಪನಿಯಲ್ಲಿ ಯಾರಿಗೂ ನನ್ನ ಕಣ್ಣಿನ ವಿಷಯ ಇಷ್ಟು ದಿನ ಗೊತ್ತೇ ಇರಲಿಲ್ಲ. ಪುಸ್ತಕ ತೊಡೆಯ ಮೇಲೆ, ಪುಟ್ಟ ದೀಪ ಪಕ್ಕದಲ್ಲಿ, ಆದರೆ ಮರೆತ ನಟರಿಗೆ ನಾನು ಮಾತು ಹೇಳಿಕೊಡುವುದೆಲ್ಲ ಬಾಯಿಪಾಠದಿಂದ. ನಮ್ಮ ಹೀರೋ, ಅದೇ "ಮಹಾರಾಜರು", ಮೊನ್ನೆ ಎರಡನೇ ಅಂಕದಲ್ಲಿ ಬಾಯಿ ತೆರೆದು ಮೀನಿನ ಹಾಗೆ ನಿಂತರು. ನಾನು ಹೇಳಿಕೊಟ್ಟೆ. ಆಗ ನನ್ನ ಪುಸ್ತಕ ತಲೆಕೆಳಗಾಗಿತ್ತು. ಅದನ್ನು ಮೇಕಪ್ಪಿನವರು ನೋಡಿಬಿಟ್ಟರು. ಮಳೆಗಾಲದ ಕೊನೆಗೆ ಹೊಸ ನಾಟಕ ಏರುತ್ತದೆ. ಅದು ಬಾಯಿಪಾಠವಿಲ್ಲ, ಓದಲೇಬೇಕು. ಓದುವ ಕಣ್ಣು ಬೇಕು.

ನಮ್ಮ ಒಪ್ಪಂದ ನೆನಪಿದೆಯಲ್ಲ? ದೊಡ್ಡವಳು ನಾನು, ಬಾವಿಗೆ ಮೊದಲು ನಾನೇ ಇಳಿಯುವುದು. ತಳ ಇದೆ ಎಂದು ಕೂಗಿದ ಮೇಲೆ ನೀನು. ಅಲ್ಲಿಯವರೆಗೆ ನಿನ್ನ ಲೆನ್ಸು ಹಾಕಿಕೊಂಡು ತೆಪ್ಪಗಿರು.

ನಿನ್ನ ಅಕ್ಕ

*

ಫೆಬ್ರವರಿ ೧೯

ಅಕ್ಕಾ,

ನಿನ್ನ ಕಾಗದ ಓದಲು ಕೊನೆಗೂ ಭೂತಗನ್ನಡಿ ಬೇಕಾಗಲಿಲ್ಲ. ಇವರು ಓದಿ, "ನಿಮ್ಮಕ್ಕ ಕಾಗದ ಬರೆದಿದ್ದಾರೋ, ಗೋಡೆಗೆ ಜಾಹೀರಾತು ಬರೆದಿದ್ದಾರೋ?" ಎಂದರು. ಲಿಫ್ಟ್ ರಿಪೇರಿ ಮಾಡುವವರಿಗೆ ಅಕ್ಷರದ ಬೆಲೆ ಏನು ಗೊತ್ತು, ಬಿಡು.

ನನ್ನ ಕೆಲಸ ಚೆನ್ನಾಗಿಯೇ ನಡೆದಿದೆ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದಕ್ಕೆ ಈಗಲೂ ನನ್ನ ಕೈಯೇ ಬೇಕು ಎನ್ನುತ್ತಾರೆ. ಮೊನ್ನೆ ಮಾತ್ರ ಒಂದು ತಮಾಷೆ ಆಯಿತು. ಒಂದು ಮದುವೆ ಕೇಕು. ಬರೆದು ಮುಗಿಸಿ ನಿಂತೆ. ಮಾಲೀಕರು ಬಂದು ನೋಡಿ, "ಏನಮ್ಮಾ, ಹುಡುಗಿ ಹೆಸರು ಒಂದರ ಮೇಲೊಂದು ಎರಡು ಸಲ ಬರ್ದಿದ್ದೀಯಲ್ಲ, ಹುಡುಗನಿಗೆ ಇಬ್ಬರು ಹೆಂಡ್ತೀರಾ?" ಎಂದರು. ನನಗೆ ಬರೆದದ್ದರ ನೆರಳೂ ಕಂಡಿತ್ತು, ಅದನ್ನೇ ಸಾಲು ಎಂದುಕೊಂಡು ತಿದ್ದಿದ್ದೆ. ಅವರೂ ನಕ್ಕರು, ನಾನೂ ನಕ್ಕೆ. ಕೆನೆ ಕೆರೆದು ಮತ್ತೆ ಬರೆದೆ. ಲೆನ್ಸು ಸ್ವಲ್ಪ ಜಾರಿತ್ತು, ಅಷ್ಟೇ. ನೀನು ತಲೆ ಕೆಡಿಸಿಕೊಳ್ಳಬೇಡ.

ಸತ್ತವರ ಕಣ್ಣು ಎಂದು ಬರೆದಿದ್ದೀಯ. ಅವರು ಯಾರೋ, ಏನೇನು ನೋಡಿದ್ದರೋ. ಅವರ ಮನೆಯವರು ಎಲ್ಲೇ ಇರಲಿ, ಅವರಿಗೊಂದು ನಮಸ್ಕಾರ.

ನಾನು ಬರಲೇ? ರಜೆ ಕೇಳಿದರೆ ಮಾಲೀಕರು ಮುಖ ಉದ್ದ ಮಾಡುತ್ತಾರೆ, ಆದರೂ ಕೊಡುತ್ತಾರೆ. ಬೇಡ ಎನ್ನುತ್ತೀಯ, ಗೊತ್ತು. ಆದರೂ ಕೇಳಿದೆ ಎಂದು ಇರಲಿ.

ನಿನ್ನ ಚಿನಕುರುಳಿ

*

ಮಾರ್ಚ್ ೨೭

ಚಿನಕುರುಳೀ,

ಆಯಿತು. ಹೆದರಿದಷ್ಟು ಇರಲಿಲ್ಲ. ಮೊದಲು ಲೇಸರಿನ ಕೋಣೆ. ಕಣ್ಣಿನ ಮೇಲೆ ಏನೋ ಒತ್ತಿದ ಹಾಗಾಯಿತು, ಒಂದು ಗಳಿಗೆ ಕತ್ತಲು, ಮುಗಿಯಿತು ಎಂದರು. ಆಮೇಲೆ ತಳ್ಳುಮಂಚದಲ್ಲಿ ಆಪರೇಷನ್ ಕೋಣೆಗೆ. ಎದ್ದಾಗ ಕಣ್ಣಿನ ಮೇಲೆ ಬಟ್ಟಲಿನಂಥ ಮುಚ್ಚಳ. ಹದಿನಾರು ಹೊಲಿಗೆ ಬಿದ್ದಿದೆಯಂತೆ, ಕೂದಲಿಗಿಂತ ಸಣ್ಣ ದಾರ. ನಿನ್ನ ಕೆನೆ ಹೂವಿಗಿಂತ ನಾಜೂಕು.

ಈಗ ದಿನಕ್ಕೆ ಆರು ಸಲ ಡ್ರಾಪ್ಸು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎನ್ನುತ್ತಾರಲ್ಲ, ನಾನು ಡ್ರಾಪ್ಸು ಬಿಟ್ಟುಕೊಂಡು ಕಾಯುತ್ತಿದ್ದೇನೆ. ಕಾಣುವುದೆಲ್ಲ ಮಂಜು. ಕಿಟಕಿ ಇದೆ ಎಂದು ಗೊತ್ತಾಗುತ್ತದೆ, ಕಿಟಕಿಯಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಡಾಕ್ಟರು, "ಹೊಲಿಗೆ ಎಳೀತಿರುತ್ತೆ, ಅದಕ್ಕೇ ಹೀಗೆ. ಮುಂದೆ ಒಂದೊಂದಾಗಿ ಬಿಚ್ಚುತ್ತಾ ಹೋದ ಹಾಗೆ ತಿಳಿಯಾಗುತ್ತೆ. ಕೆಂಪಾದರೆ, ಚುಚ್ಚಿದರೆ, ಮಂಜು ಹೆಚ್ಚಾದರೆ, ಅವತ್ತೇ ಓಡಿ ಬನ್ನಿ" ಎಂದಿದ್ದಾರೆ.

ತಪಾಸಣೆಗೆ ಹೋದಾಗೆಲ್ಲ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರಿಸುತ್ತಾರೆ. ಎದುರಿಗೇ ಅಕ್ಷರದ ಬೋರ್ಡು. ಒಬ್ಬೊಬ್ಬರನ್ನೇ ಕರೆದು, ಕಪ್ಪು ಚಮಚದಲ್ಲಿ ಒಂದು ಕಣ್ಣು ಮುಚ್ಚಿಸಿ ಓದಿಸುತ್ತಾರೆ. ಓದಿಸುವ ಅಮ್ಮ ಬಲು ಒಳ್ಳೆಯವಳು. "ಹೆದರಬೇಡಿ, ಎಲ್ಲಾ ಊರಲ್ಲೂ ಇದೇ ಬೋರ್ಡು, ಪರೀಕ್ಷೆ ಏನಲ್ಲ" ಎನ್ನುತ್ತಾಳೆ. ಜನ ಎಷ್ಟು ಕೆಟ್ಟದಾಗಿ ಓದುತ್ತಾರೆ ಕಣೇ, ಉಚ್ಚಾರಣೆಯೇ ಇಲ್ಲ! ನನ್ನ ಸರದಿ ಬಂದಾಗ ದೊಡ್ಡ ಮೊದಲನೇ ಅಕ್ಷರವೂ ಹೊಗೆಯಾಗಿತ್ತು.

ನಿನ್ನ ಲೆನ್ಸು ಜಾರುವುದು ಎಷ್ಟು ದಿನದಿಂದ? ಕೇಕಿನ ಕಥೆಗೆ ನಾನು ನಗಲಿಲ್ಲ.

ಅಕ್ಕ

*

ಮೇ ೩

ಚಿನಕುರುಳೀ ಚಿನಕುರುಳೀ,

ಕೂತಿದ್ದೀಯಾ? ಕೂತುಕೋ. ಐದನೆಯ ಸಾಲು ಓದಿದೆ!

"ರ, ಟ, ಗ, ಪ, ಲ, ನ." ಹೀಗೆ, ಒಂದೇ ಉಸಿರಿಗೆ. ಬೋರ್ಡಿನ ಅಮ್ಮ ಚಪ್ಪಾಳೆ ತಟ್ಟಿಬಿಟ್ಟಳು. ಬೆಂಚಿನ ಮೇಲೆ ಕೂತವರೂ ತಟ್ಟಿದರು. ಡಾಕ್ಟರು ಕಣ್ಣಿಗೆ ದೀಪ ಹಾಕಿ ನೋಡಿ, ಹೊಲಿಗೆ ಎಲ್ಲ ಭದ್ರವಾಗಿದೆ ಎಂದರು. ಬರೆದುಕೊಂಡದ್ದನ್ನು ಎರಡು ಸಲ ನೋಡಿ, "ಇಷ್ಟು ಬೇಗ ಇಷ್ಟು ಚೆನ್ನಾಗಿ! ಹಾಗಾದರೆ ತಿಂಗಳು ತಿಂಗಳು ಬರೋದು ಬೇಡಮ್ಮ, ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ನನ್ನಂಥ ಹತ್ತು ಜನ ಇದ್ದರೆ ಅವರಿಗೆ ಊಟಕ್ಕೆ ಹೋಗಲು ಸಮಯ ಸಿಗುತ್ತಿತ್ತಂತೆ.

ಇಪ್ಪತ್ತು ವರ್ಷ ಬೇರೆಯವರ ಚಪ್ಪಾಳೆಯನ್ನು ಪರದೆಯ ಹಿಂದಿನಿಂದ ಕೇಳಿದವಳು ನಾನು. ನನಗೇ ಬಂದದ್ದು ಇದೇ ಮೊದಲು. ಇನ್ನೇನು ಬರೆಯಲಿ. ಬರೆಯುವುದು ಬಹಳ ಇದೆ, ಆದರೆ ಇವತ್ತು ಇಷ್ಟೇ.

ಅಕ್ಕ

*

ಮೇ ೧೫

ಅಕ್ಕಾ,

ನಿನ್ನ ಕಾಗದ ಬೇಕರಿಗೇ ತೆಗೆದುಕೊಂಡು ಹೋದೆ. ಒಲೆಯವರು, ಪೊಟ್ಟಣ ಕಟ್ಟುವವರು, ಎಲ್ಲರಿಗೂ ಕೇಳಿಸಿದೆ. ರ, ಟ, ಗ, ಪ, ಲ, ನ! ಈಗ ಬೇಕರಿಯಲ್ಲಿ ಅದೇ ಮಂತ್ರ. ಬಿಸಿ ತಟ್ಟೆ ಹೊತ್ತುಕೊಂಡು ಬರುವವರು "ದಾರಿ ಬಿಡಿ" ಎನ್ನುವ ಬದಲು "ರಟಗಪಲನ" ಎಂದು ಕೂಗುತ್ತಾರೆ. ನಾನು ಒಂದು ಹಳಸಿದ ಕೇಕಿನ ಮೇಲೆ ಅದನ್ನೇ ಬರೆದು ಮನೆಗೆ ತಂದೆ. ಇವರು ಬಿಡಿಸಿ ಬಿಡಿಸಿ ಓದಿ, ಯಾವ ದೇಶದ ರಾಜ ಎಂದು ಕೇಳಿದರು.

ಅಕ್ಕಾ, ಅಮ್ಮ ಕೊನೆಗಾಲದಲ್ಲಿ ನನ್ನ ಮುಖವನ್ನು ಕೈಯಲ್ಲಿ ತಡವಿ ನೋಡುತ್ತಿದ್ದಳಲ್ಲ, ನನಗೂ ಅದೇ ಗತಿ ಎಂದು ಒಳಗೊಳಗೇ ಒಪ್ಪಿಕೊಂಡುಬಿಟ್ಟಿದ್ದೆ. ನಿನ್ನ ಆ ಆರು ಅಕ್ಷರ ಓದಿದ ಮೇಲೆ ನನಗೆ ಬುದ್ಧಿ ಬಂತು. ಬಾವಿಗೆ ತಳ ಇದೆ. ನೀನು ಕೂಗಿದ್ದು ಕೇಳಿಸಿತು.

ಹೊಸ ನಾಟಕದ ಪುಸ್ತಕ ಕೈಗೆ ಬಂತಾ? ಓದಿದೆಯಾ?

ಚಿನಕುರುಳಿ

*

ಜೂನ್ ೨೮

ಚಿನಕುರುಳೀ,

ತಡವಾಯಿತು. ಕಂಪನಿಯಲ್ಲಿ ಕೆಲಸ ಜಾಸ್ತಿ. ಪುಸ್ತಕ ಬಂದಿದೆ, ಓದುತ್ತಿದ್ದೇನೆ. ನಿಧಾನ.

ಕಣ್ಣು ಸ್ವಲ್ಪ ಕೆಂಪು. ಸೆಟ್ಟಿಗೆ ಬಣ್ಣ ಬಳಿಯುತ್ತಿದ್ದಾರೆ, ಆ ವಾಸನೆಗೆ ಇರಬೇಕು. ನೀನು ಏನೂ ಆತುರ ಮಾಡಬೇಡ. ಲೆನ್ಸಿನಲ್ಲಿ ನಡೆಯುವಷ್ಟು ದಿನ ನಡೆಯಲಿ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಎಂದು ಅಮ್ಮ ಹೇಳುತ್ತಿರಲಿಲ್ಲವೇ.

ಅಕ್ಕ

*

ಜುಲೈ ೮

ಅಕ್ಕಾ,

ಇದೇನು ಇಷ್ಟು ಚಿಕ್ಕ ಕಾಗದ, ಇಷ್ಟು ದೊಡ್ಡ ಅಕ್ಷರ? ಐದನೆಯ ಸಾಲು ಓದಿದ ಮೇಲೂ ಕುಂಬಳಕಾಯಿಯೇ? ಓ, ತಿಳಿಯಿತು, ನನಗೆ ಕಾಣಲಿ ಎಂದು ಬರೆದಿದ್ದೀಯ. ನನ್ನ ಚಿಂತೆ ಬಿಡು. ದೊಡ್ಡ ಹೀರೋಯಿನ್ ಆಗಿಬಿಟ್ಟಿದ್ದೀಯ, ಹೊಸ ನಾಟಕದ ಗಡಿಬಿಡಿಯಲ್ಲಿ ತಂಗಿಗೆ ನಾಲ್ಕು ಸಾಲು ಬರೆಯಲೂ ಪುರುಸೊತ್ತಿಲ್ಲ.

ಇರಲಿ. ಮುಂದಿನ ತಿಂಗಳು ನಿನಗೊಂದು ಸುದ್ದಿ ಕೊಡುತ್ತೇನೆ. ಈಗ ಹೇಳುವುದಿಲ್ಲ. ಕೇಳಬೇಡ. ಕೇಳಿದರೆ ಬಾಯಿ ಬಿಟ್ಟುಬಿಡುತ್ತೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ಚಿನಕುರುಳಿ

*

ಆಗಸ್ಟ್ ೨

ತಂಗೀ,

ನೀನು ಯಾವ ಸುದ್ದಿ ಕೊಡುತ್ತೀಯೋ ಎಂದು ಯೋಚಿಸಿ ಯೋಚಿಸಿ ನನಗೆ ನಿದ್ದೆ ಇಲ್ಲ. ಇದು ನಾನು ಅಂದುಕೊಂಡದ್ದೇ ಆಗಿದ್ದರೆ, ಈ ಕಾಗದ ಓದುವವರೆಗೆ ಡಾಕ್ಟರಿಗೆ ಹೂಂ ಅನ್ನಬೇಡ. ಫೋನ್ ಮಾಡಿದೆ, ಈ ಸಲ ಎತ್ತದವಳು ನೀನು.

ನಾನು ಐದನೆಯ ಸಾಲು ಓದಲಿಲ್ಲ. ನಾಲ್ಕನೆಯದೂ ಓದಲಿಲ್ಲ. ಎರಡು ಸಾಲು ಕಂಡಿತು. ಮೂರನೆಯದು ಮಂಜು.

ಮೋಸ ಮಾಡಬೇಕೆಂದು ಮಾಡಿದ್ದಲ್ಲ ಕಣೇ. ಆ ಬೆಂಚಿನ ಮೇಲೆ ಕೂತು ಕೂತು, ಜನ ಓದುವುದನ್ನು ಕೇಳಿ ಕೇಳಿ, ಬೋರ್ಡು ನನಗೆ ತಾನಾಗಿ ಬಾಯಿಪಾಠ ಆಗಿತ್ತು. ನನ್ನ ತಲೆಗೆ ಬೇರೆ ಏನೂ ಬರುವುದಿಲ್ಲ, ಇದೊಂದು ಬರುತ್ತದೆ. ಅವತ್ತು ಎರಡು ಸಾಲು ಓದಿ ನಿಂತೆ. ಬೋರ್ಡಿನ ಅಮ್ಮ ಕಾಯುತ್ತಿದ್ದಳು. ಎಲ್ಲರೂ ಸುಮ್ಮನೆ. ಆ ಸುಮ್ಮನೆ ಇದೆಯಲ್ಲ, ಮಾತು ಬರಬೇಕಾದ ಕಡೆ ಬರದೆ ನಿಂತುಹೋಗುವುದು, ಅದನ್ನು ನಾನು ತಡೆಯಲಾರೆ. ಇಪ್ಪತ್ತು ವರ್ಷ ಅದರಿಂದಲೇ ಅನ್ನ ತಿಂದಿದ್ದೇನೆ. ಯಾರು ತಡವರಿಸಿದರೂ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯುತ್ತದೆ. ಅವತ್ತು ನನ್ನ ಕಣ್ಣು ತಡವರಿಸಿತು, ನಾನು ಹೇಳಿಕೊಟ್ಟೆ. ಅಷ್ಟೇ ಆದದ್ದು.

ಆಮೇಲೆ ಚಪ್ಪಾಳೆ ಬಿತ್ತು. ಆಗ ಹೇಳಬೇಕಿತ್ತು, ಇಲ್ಲಮ್ಮ, ಇದು ಬಾಯಿಪಾಠ ಎಂದು. ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮನೆಗೆ ಬಂದು ಅದೇ ಬಿಸಿಯಲ್ಲಿ ನಿನಗೂ ಬರೆದೆ. ಬರೆಯುವಾಗ ನಾನೇ ನಂಬಿಬಿಟ್ಟಿದ್ದೆ.

ಜೂನಿನಲ್ಲಿ ಕಣ್ಣು ಕೆಂಪಾಯಿತು, ಚುಚ್ಚತೊಡಗಿತು. ಬಣ್ಣದ ವಾಸನೆ ಅಲ್ಲ, ಒಂದು ಹೊಲಿಗೆ ಸಡಿಲಾಗಿತ್ತು. ಅವತ್ತೇ ಓಡಿ ಬನ್ನಿ ಎಂದಿದ್ದರು. ಓಡಿ ಹೋಗಿ ಏನು ಹೇಳಲಿ? ಐದು ಸಾಲು ಓದಿದವಳಿಗೆ ಈಗ ಒಂದೂ ಕಾಣುತ್ತಿಲ್ಲ ಎಂದರೆ, ಯಾವಾಗಿನಿಂದ ಎಂದು ಕೇಳುತ್ತಾರೆ. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದು ತಳ್ಳಿದೆ. ಜುಲೈ ಕೊನೆಗೆ ನೋವು ತಡೆಯಲಾಗದೆ ಹೋದೆ. ಬೋರ್ಡಿನ ಅಮ್ಮ ಕೂರಿಸಿ, ಚಮಚ ಕೊಟ್ಟು, "ಓದಿ ಅಮ್ಮಾ" ಎಂದಳು. ನಂಬುತ್ತೀಯಾ, ಅಷ್ಟು ನೋವಿನಲ್ಲೂ ನನ್ನ ಹಾಳು ಬಾಯಿ ಶುರುಮಾಡಿತು. ಮೊದಲನೆಯ ಸಾಲಿನಿಂದ ಐದನೆಯದರವರೆಗೆ, ರ ಟ ಗ ಪ ಲ ನ, ಸ್ಪಷ್ಟ ಉಚ್ಚಾರಣೆ. ಈ ಸಲ ಚಪ್ಪಾಳೆ ಬೀಳಲಿಲ್ಲ. ಆ ಅಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಅಮ್ಮಾ, ಆ ಬೋರ್ಡು ತೆಗೆದು ಎರಡು ವಾರ ಆಯ್ತು. ಈಗ ಅಲ್ಲಿ ಟಿವಿ ಥರದ್ದು ಹಾಕಿದ್ದಾರೆ. ಅದರಲ್ಲಿ ಅಕ್ಷರ ಇಲ್ಲ, ಬರೀ ಅಂಕಿ."

ಡಾಕ್ಟರು ಬೈದಿದ್ದರೆ ಚೆನ್ನಾಗಿತ್ತು. ದೀಪ ಹಾಕಿ ನೋಡಿದರು, ತುಂಬಾ ಹೊತ್ತು. "ಯಾಕಮ್ಮಾ?" ಎಂದರು, ಅಷ್ಟೇ. ಹೊಲಿಗೆ ಸಡಿಲಾಗುವುದು ಯಾರ ತಪ್ಪೂ ಅಲ್ಲವಂತೆ, ಅವತ್ತೇ ಬಂದಿದ್ದರೆ ಬಿಚ್ಚಿ ಕಳಿಸುತ್ತಿದ್ದರಂತೆ. ಈಗ ಅದರ ದಾರಿಯಲ್ಲಿ ಸೋಂಕು ಇಳಿದು, ಹೊಸ ಗಾಜಿನ ನಟ್ಟನಡುವೆ ಬಿಳಿ ಕಲೆ ಕೂತಿದೆ. ಗಂಟೆಗೊಂದು ಸಲ ಔಷಧಿ. ಸೋಂಕು ಹೋದರೂ ಕಲೆ ಹೋಗುವುದಿಲ್ಲ. ಮುಂದೆ ಇನ್ನೊಂದು ಕಣ್ಣು ಸಿಕ್ಕರೆ ಪೂರ್ತಿ ಗಾಜನ್ನೇ ಬದಲಿಸಿ ನೋಡಬಹುದು, ಭರವಸೆ ಕೊಡಲಾರೆ ಎಂದರು.

ಯಾರೋ ಸಾಯುವಾಗ ಕೊಟ್ಟುಹೋದದ್ದನ್ನು ನಾನು ಹಾಳುಮಾಡಿದೆ. ಅದು ನನ್ನನ್ನು ಸುಡುತ್ತಿದೆ.

ಆಪರೇಷನ್ ಕೆಟ್ಟದ್ದಲ್ಲ. ಮಾಡಿಸಿಕೊಳ್ಳಬೇಡ ಎಂದೂ ನಾನು ಹೇಳುತ್ತಿಲ್ಲ. ನನ್ನ ಮಾತು ಕೇಳಿ ಮಾಡಿಸಿಕೊಳ್ಳಬೇಡ, ಅಷ್ಟೇ. ನಾನು ತಳ ನೋಡಿಲ್ಲ. ಸುಮ್ಮನೆ ಕೂಗಿದೆ.

ಅಕ್ಕ

*

ಆಗಸ್ಟ್ ೧೬

ಅಕ್ಕಾ,

ಅಕ್ಷರ ನೋಡಿ ಗಾಬರಿಯಾಗಬೇಡ, ಬರೆಯುತ್ತಿರುವುದು ಇವರು, ಹೇಳುತ್ತಿರುವುದು ನಾನು.

ನಿನ್ನ ಕಾಗದ ಬಂದ ದಿನ ನನ್ನ ಬಲಗಣ್ಣಿನ ಮೇಲೆ ಆಗಲೇ ಮುಚ್ಚಳ ಇತ್ತು. ಆಪರೇಷನ್ ಜುಲೈ ಮೂವತ್ತಕ್ಕೆ ಆಗಿತ್ತು. ನಿನ್ನ ಹೊಸ ನಾಟಕದ ಮೊದಲ ದಿನ ಹೇಳದೆ ಕೇಳದೆ ಬಂದು, ಮುಂದಿನ ಸಾಲಿನಲ್ಲಿ ಕೂತು, ಪರದೆಯ ಸಂದಿಯಲ್ಲಿ ನಿನ್ನನ್ನು ನೋಡಬೇಕು ಎಂದು ಲೆಕ್ಕ ಹಾಕಿದ್ದೆ. ಐದನೆಯ ಸಾಲಿನ ಕಾಗದ ಬಂದ ವಾರವೇ ಡಾಕ್ಟರಿಗೆ ಹೂಂ ಎಂದಿದ್ದೆ. ನಿನ್ನ ಫೋನು ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ, ಎತ್ತಿದರೆ ಗುಟ್ಟು ರಟ್ಟಾಗುತ್ತದೆ ಎಂದು ಎತ್ತಲಿಲ್ಲ.

ಇವರು ನಿನ್ನ ಕಾಗದವನ್ನು ಓದಿ ಹೇಳಿದರು. ಅರ್ಧಕ್ಕೆ ನಿಲ್ಲಿಸಿದರು. ಓದಿ ಎಂದೆ. ಓದಿದರು.

ನನ್ನ ಲೆನ್ಸು ಇನ್ನೂ ಎರಡು ವರ್ಷ ನಡೆಯುತ್ತಿತ್ತಂತೆ. ಡಾಕ್ಟರೇ ಹೇಳಿದ್ದರು, ಅವಸರವಿಲ್ಲ, ಯೋಚಿಸಿ ಎಂದು. ನಮ್ಮಕ್ಕ ಎರಡೇ ತಿಂಗಳಲ್ಲಿ ಐದು ಸಾಲು ಓದಿದಳು, ನಾನೇನು ಕಡಿಮೆ ಎಂದು ಅವರ ಬಾಯಿ ಮುಚ್ಚಿಸಿದೆ. ಈಗ ನಿನ್ನ ಮೇಲೆ ಸಿಟ್ಟು ಬಂದಿದೆ. ತುಂಬಾ ಬಂದಿದೆ. ಎದುರಿಗೆ ಇದ್ದಿದ್ದರೆ ಕೈಗೆ ಸಿಕ್ಕಿದ್ದು ಎಸೆಯುತ್ತಿದ್ದೆ, ಗುರಿ ತಪ್ಪುತ್ತಿತ್ತು, ಅದು ಬೇರೆ ಮಾತು. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಗಿದೆ ಅಕ್ಕಾ. ಏನು ಮಾಡಲಿ ಹೇಳು. ಬಿಚ್ಚಿ ಹಳೆಯದನ್ನೇ ಹಾಕಿ ಎನ್ನಲು ಬರುವುದಿಲ್ಲ.

ಚಿನಕುರುಳಿ

ಅಕ್ಕಾ, ಇದು ಬರೆದುಕೊಳ್ಳುತ್ತಿರುವ ನಾನೇ ಸೇರಿಸುತ್ತಿರುವುದು. ಸಿಟ್ಟಿನಲ್ಲಿ ಹೇಳುತ್ತಿದ್ದಾಳೆ, ಆದರೆ ನಿಮ್ಮ ಔಷಧಿ ಗಂಟೆಗೊಂದು ಸಲ ಯಾರು ಹಾಕುತ್ತಾರೆ ಎಂದು ಬೆಳಿಗ್ಗೆಯಿಂದ ನನ್ನನ್ನು ಕೇಳುತ್ತಿದ್ದಾಳೆ.

*

ಆಗಸ್ಟ್ ೨೪

ತಂಗೀ,

ಔಷಧಿ ನಾನೇ ಹಾಕಿಕೊಳ್ಳುತ್ತೇನೆ. ಅಲಾರಾಂ ಇದೆ.

ಬಂದು ನಿನ್ನ ಪಕ್ಕ ಕೂರಬೇಕು ಎನಿಸುತ್ತದೆ. ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ, ಬಂದರೂ ಒಬ್ಬರನ್ನೊಬ್ಬರು ಕೈಹಿಡಿದು ಗೋಡೆಗೆ ಹಾಯುತ್ತೇವೆ. ಹೊಸ ನಾಟಕಕ್ಕೆ ಬೇರೆಯವರನ್ನು ಕೂರಿಸಿದ್ದಾರೆ. ಮಹಾರಾಜರು ಮನೆಗೆ ಬಂದು, "ನೀವಿಲ್ದೆ ನಾನು ಹೇಗೆ ನಿಲ್ಲಲಿ?" ಎಂದು ಅತ್ತರು. ಆ ಮಾತನ್ನು ಮಾತ್ರ ಯಾರೂ ಹೇಳಿಕೊಡದೆ ಆಡಿದರು.

ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನನಗೆ ಮುಖವಿಲ್ಲ. ಒಂದೇ ಒಂದು ಕೇಳುತ್ತೇನೆ. ನಿನ್ನನ್ನು ಬೋರ್ಡಿನ ಮುಂದೆ ಕೂರಿಸುತ್ತಾರೆ. ಕಾಣದಿದ್ದರೆ ಕಾಣುವುದಿಲ್ಲ ಎನ್ನು. ಎಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದರೂ ಸರಿ, ನೀನು ಸುಮ್ಮನಿರು. ಕೆಂಪಾದರೆ ಅವತ್ತೇ ಓಡು.

ಅಕ್ಕ

*

ಅಕ್ಟೋಬರ್ ೧೧

ಅಕ್ಕಾ,

ನಾನೇ ಬರೆಯುತ್ತಿದ್ದೇನೆ. ಕುಂಬಳಕಾಯಿ ಈಗ ನನ್ನ ಸರದಿ.

ಒಂದೂವರೆ ತಿಂಗಳು ಬರೆಯಲಿಲ್ಲ. ಬರೆಯಬಾರದೆಂದೇ ಬರೆಯಲಿಲ್ಲ. ಕಣ್ಣು ಒಮ್ಮೆ ಕೆಂಪಾಯಿತು, ಅವತ್ತೇ ಓಡಿದೆ, ಏನೂ ಇರಲಿಲ್ಲ. ಇವತ್ತು ಬರೆಯಲೇಬೇಕಾಗಿದೆ.

ಬೆಳಿಗ್ಗೆ ಬೋರ್ಡಿನ ಮುಂದೆ ಕೂರಿಸಿದರು. ನಮ್ಮದು ಸಣ್ಣ ಆಸ್ಪತ್ರೆ, ಟಿವಿ ಬಂದಿಲ್ಲ, ಹಳೆಯ ಬೋರ್ಡೇ. ಮೊದಲನೆಯ ಸಾಲು ಓದಿದೆ. ಎರಡನೆಯದು ಓದಿದೆ, ಮೂರನೆಯದನ್ನು ಅರ್ಧ ಊಹಿಸಿ ತಡವರಿಸಿಕೊಂಡು ಓದಿದೆ. ನಾಲ್ಕನೆಯದು ಬರಲಿಲ್ಲ, ಬರಲಿಲ್ಲ ಎಂದೆ. ಓದಿಸುವವರು, "ಇರಲಿ, ಅದರ ಕೆಳಗಿನದ್ದೂ ಒಂದ್ಸಲ ನೋಡಿ" ಎಂದು ಕೋಲಿಟ್ಟರು.

ಅಲ್ಲಿ ರ ಇತ್ತು ಅಕ್ಕಾ. ಆಮೇಲೆ ಟ. ಗ, ಪ, ಲ, ನ. ಅಂಚು ಮಸುಕು, ಆದರೆ ಇತ್ತು. ಬಾಯಿ ತೆರೆದೆ. ಆಗ ನಿನ್ನ ದನಿ ಕೇಳಿಸಿತು. ನನಗೆ ಕಾಣುತ್ತಿದೆಯೋ, ನೀನು ಹೇಳಿಕೊಡುತ್ತಿದ್ದೀಯೋ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದೆ, ಆಗಲೂ ಅದೇ ಆರು ಅಕ್ಷರ ಕಂಡವು. ತೆರೆದೆ, ಅವೇ. ಎಷ್ಟು ಸಲ ನೋಡಿದರೂ ನನ್ನ ಕಣ್ಣನ್ನು ನಾನು ನಂಬಲು ಆಗಲಿಲ್ಲ. ಎಲ್ಲರೂ ಸುಮ್ಮನೆ ಕಾಯುತ್ತಿದ್ದರು.

"ಆ ಸಾಲು ನನ್ನ ಕೇಳಬೇಡಿ. ಅದು ನಮ್ಮಕ್ಕಂದು," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬೇರೆ ಅಕ್ಷರಗಳಿರುವ ಬೋರ್ಡು ಹಾಕಿ ಎಂದೆ. ಒಳಗಿನಿಂದ ಒಂದು ತಂದು ತೂಗುಹಾಕಿದರು. ಅದರಲ್ಲಿ ಎರಡು ಸಾಲು ಓದಿದೆ. ಮೂರನೆಯದು ಮಂಜು. ಎರಡೇ ಎಂದು ಬರೆದುಕೊಂಡರು.

ಚಿನಕುರುಳಿ